ಎಸರುಕೇರಿಗೆ ಬಾಗಿದ ಗೋಡೆ

ಹೆಬ್ಬಂಡೆದುರ್ಗದ ಊರು ಬೆಟ್ಟವನ್ನು ಹತ್ತಿಕೊಂಡೇ ಬೆಳೆದಿದೆ. ಬುಡದಲ್ಲಿ ಬಸ್ ನಿಲ್ದಾಣ, ಸಂತೆ ಮೈದಾನ, ಹತ್ತಿ ಮಂಡಿಗಳಿರುವ ಕೆಳಪೇಟೆ. ಅದರ ಮೇಲೆ ಬಂಡೆಗಳ ಸಂದಿಯಲ್ಲಿ ತೂರಿಕೊಂಡ ಗಲ್ಲಿಗಳ ನಡುಪೇಟೆ. ನೆತ್ತಿಯ ಮೇಲೆ ಹಳೆಯ ಕೋಟೆ. ಎಲ್ಲಿ ನೋಡಿದರೂ ಕಲ್ಲು. ಮಳೆ ಬಂದರೆ ಮೇಲಿನ ಹೊಂಡ ತುಂಬಿ, ಉಕ್ಕಿದ ನೀರು ಕೆಳಗಿನ ಹೊಂಡಕ್ಕೆ ಇಳಿಯುವಂತೆ ಹಿಂದಿನವರು ಬಂಡೆಯಲ್ಲೇ ಕಾಲುವೆ ಕಡಿದಿದ್ದಾರೆ. ಕೋಟೆಯೊಳಗೆ ಈಗ ಜನವಾಸವಿರುವುದು ಒಂದೇ ಒಂದು ಕೇರಿಯಲ್ಲಿ. ಬೆಟ್ಟದ ಬಡಗಣ ಅಂಚಿನಲ್ಲಿರುವ ಆ ಕೇರಿಯ ಹೆಸರು ಎಸರುಕೇರಿ. ನೀರಿನ ಟ್ಯಾಂಕರ್ ಅಲ್ಲಿಗೆ ಹತ್ತುವುದಿಲ್ಲ, ಗ್ಯಾಸ್ ಸಿಲಿಂಡರ್ ಹೆಗಲ ಮೇಲೆಯೇ ಹೋಗಬೇಕು. ಇಷ್ಟು ಕಷ್ಟವೇಕೆ, ಕೆಳಗೆ ಬಂದು ಇರಬಾರದೇ ಎಂದು ಯಾರಾದರೂ ಬುದ್ಧಿ ಹೇಳಹೋದರೆ ಆ ಜನ ಹೇಳಿದವನನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಜಂಬ ಎನ್ನುವವರು ಎನ್ನಲಿ. ಒಲೆಯ ಮೇಲೆ ಕುದಿಯುವ ಎಸರಿನಿಂದ ಒಂದು ಕೇರಿ ಉಳಿದ ಕಥೆಯನ್ನು ಕೇಳಿದ ಮೇಲೆ ಆ ಜಂಬ ಅವರಿಗೆ ಸಲ್ಲತಕ್ಕದ್ದೇ ಎಂದು ತೋರುತ್ತದೆ.

ಹಿಂದೆ ಒಮ್ಮೆ ಪಾಲನಾಯಕನೆಂಬ ಪಾಳೆಯಗಾರ ಈ ದುರ್ಗವನ್ನು ಆಳುತ್ತಿದ್ದನಂತೆ. ಆಗ ಅರಮನೆಯ ಸುತ್ತ ಒಂದು ಗೋಡೆ ಇದ್ದದ್ದು ಬಿಟ್ಟರೆ ಬೆಟ್ಟದ ನೆತ್ತಿಗೆ ಬೇರೆ ಕೋಟೆ ಇರಲಿಲ್ಲ. ಬಡಗಣ ಅಂಚಿನಲ್ಲಿ ಸುಣ್ಣ ಸುಡುವವರ ಕೇರಿಯಿತ್ತು. ಹಳ್ಳದಿಂದ ಸುಣ್ಣಕಲ್ಲು ಹೊತ್ತು ತಂದು, ಗೂಡಿನಲ್ಲಿ ಸುಟ್ಟು, ಗಾರೆಗೆ ಒದಗಿಸುವುದು ಅವರ ಕಸುಬು. ಅರಮನೆಯ ಗೋಡೆಯಲ್ಲೂ ಗುಡಿಯ ಗೋಪುರದಲ್ಲೂ ಇದ್ದದ್ದು ಇವರು ಸುಟ್ಟ ಸುಣ್ಣವೇ. ಬೊಮ್ಮಕ್ಕ ಆ ಕೇರಿಯ ಹೆಂಗಸು. ಒಂದು ಸುಗ್ಗಿಯಲ್ಲಿ ಬಡಗಣದಿಂದ ಶತ್ರುವಿನ ದಂಡು ಬಂದಾಗ ಅರಮನೆಯ ಕಾವಲಿನವರು ಹೆದರಿ ಬಾಗಿಲನ್ನು ಬೇಗನೆ ಮುಚ್ಚಿಬಿಟ್ಟರು. ಮಕ್ಕಳನ್ನು ಎಳೆದುಕೊಂಡು ಬೊಮ್ಮಕ್ಕ ಒಳಗೆ ಸೇರಿದ್ದಳು. ಮುದಿತಾಯಿಯನ್ನು ಹೊತ್ತು ಬರುತ್ತಿದ್ದ ಅವಳ ಗಂಡ ಹೊರಗುಳಿದ. ಅವನು ಬಾಗಿಲು ಬಡಿದದ್ದು ಅವಳಿಗೆ ಕೇಳಿಸಿತು. ಬಡಿತ ನಿಂತದ್ದೂ ಕೇಳಿಸಿತು. ಅಂದಿನಿಂದ ಅವಳಿಗಿದ್ದದ್ದು ಒಂದೇ ಆಸೆ, ತನ್ನ ಕೇರಿ ಗೋಡೆಯ ಒಳಗಿರಬೇಕು. ಹೀಗಿರುವಾಗ ನೆತ್ತಿಯ ಸುತ್ತಲೂ ನಾಯಕ ಹೊಸ ಕೋಟೆ ಕಟ್ಟಿಸುತ್ತಾನೆಂಬ ಸುದ್ದಿ ಬಂತು. ಕೇರಿಯವರು ಹಿರಿಹಿರಿ ಹಿಗ್ಗಿ ಹಗಲಿರುಳೆನ್ನದೆ ಗೂಡು ಉರಿಸಿದರು.

ಆದರೆ ಗೋಡೆಯ ಜಾಡು ಗುರುತಿಸಲು ಹಗ್ಗ ಹಿಡಿದ ದಿನ ನೋಡಿದರೆ, ಹಗ್ಗ ಕೇರಿಯನ್ನು ಆಚೆಗೆ ಬಿಟ್ಟು ಈಚೆಗೇ ಹಾದುಹೋಗಿತ್ತು. ಕೋಟೆಯ ಕೆಲಸ ನೋಡಿಕೊಳ್ಳುತ್ತಿದ್ದವನು ತಿಮ್ಮಣ್ಣಯ್ಯನೆಂಬ ಪಾರುಪತ್ಯಗಾರ. ಸುಣ್ಣದ ಗೂಡಿನ ಹೊಗೆ ಗಾಳಿ ತಿರುಗಿದಾಗಲೆಲ್ಲ ರಾಣಿವಾಸಕ್ಕೆ ನುಗ್ಗಿ ಒಳಗಿದ್ದವರು ಕೆಮ್ಮುತ್ತಿದ್ದರು. ಗೋಡೆಯ ಹೊರಗೆ ಬಿಟ್ಟರೆ ಈ ಜನ ದಂಡಿಗೆ ಹೆದರಿ ತಾವಾಗಿಯೇ ಬೆಟ್ಟ ಇಳಿಯುತ್ತಾರೆ, ಓಡಿಸಿದ ಅಪವಾದವೂ ತಪ್ಪುತ್ತದೆ ಎಂಬುದು ಅವನ ಎಣಿಕೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೊಮ್ಮಕ್ಕ ಹೋಗಿ ಕೈಮುಗಿದು ನಿಂತಳು.

“ನಾವು ಸುಟ್ಟ ಸುಣ್ಣ ಗೋಡೇಲಿರ್ತೈತೆ, ಸುಟ್ಟೋರು ಹೊರಗಿರಬೇಕಾ ಸ್ವಾಮಿ?”

“ಹೊಗೆಗೆ ಯಾಕಮ್ಮಾ ಕೋಟೆ? ಕೆಳಗೆ ಬೇಕಾದಷ್ಟು ಬಯಲಿದೆ, ಇಳಿದು ಹೋಗಿ” ಎಂದು ತಿಮ್ಮಣ್ಣಯ್ಯ ನಕ್ಕನಂತೆ.

ಆ ನಗು ಬೊಮ್ಮಕ್ಕನ ಹೊಟ್ಟೆಗೆ ಬೆಂಕಿ ಇಟ್ಟಿತು. ಈ ದುರ್ಗದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ನಾಯಕನ ವಂಶದ ಹಿರಿಯನೊಬ್ಬ ಹಗೆಗಳಿಂದ ತಪ್ಪಿಸಿಕೊಂಡು ಬಂದು ಮುದುಕಿಯೊಬ್ಬಳ ಒಲೆಯ ಮುಂದೆ ಕುಳಿತಿದ್ದನಂತೆ. ಎಸರು ಕುದಿಯುವ ಒಲೆಯ ಮುಂದಿನಿಂದ ಅವನನ್ನು ಎಳೆದೊಯ್ಯಲು ಬೆನ್ನಟ್ಟಿ ಬಂದವರಿಗೂ ಮನಸ್ಸಾಗಲಿಲ್ಲವಂತೆ. ಎಸರಿಟ್ಟ ಒಲೆಯನ್ನು, ಅಡುಗೆಯಾಗಿ ಉಂಡು ಏಳುವ ತನಕ, ಯಾರೂ ಕದಲಿಸಕೂಡದೆಂದು ಅವನೇ ಮುಂದೆ ವಿಧಿಸಿದ. ಕದಲಿಸಿದವನ ಮನೆಯಲ್ಲಿ ಒಲೆ ಹತ್ತದು ಎಂಬ ಭಯ ಊರಿಗೆಲ್ಲ ಇತ್ತು. ಮರುದಿನ ಪಾಯ ತೋಡುವ ಆಳುಗಳು ಗುದ್ದಲಿ ಹೊತ್ತು ಬಂದಾಗ ಹಗ್ಗದ ಜಾಡಿನ ಮೇಲೆ ಮೂರು ಕಲ್ಲು, ಕಲ್ಲಿನ ಮೇಲೆ ಗಡಿಗೆ, ಪಕ್ಕದಲ್ಲಿ ಹಿಟ್ಟಿನ ಮೊರ ಇಟ್ಟುಕೊಂಡು ಕುಳಿತ ಬೊಮ್ಮಕ್ಕ ಕಂಡಳು. ಉಂಡೇಳಲಿ ಎಂದು ಅವರು ಕಾದರು. ಬಿಸಿಲು ನೆತ್ತಿಗೆ ಬಂತು. ನೀರು ಕುದಿದು ಇಂಗಿದ ಹಾಗೆಲ್ಲ ಬೊಮ್ಮಕ್ಕ ಮತ್ತೆ ನೀರು ಹೊಯ್ಯುತ್ತಿದ್ದಳು. ಹಿಟ್ಟು ಮಾತ್ರ ಮೊರ ಬಿಟ್ಟು ಏಳಲಿಲ್ಲ. ಬೆಂಕಿ ಆರಿಸಿರೋ ಎಂದು ತಿಮ್ಮಣ್ಣಯ್ಯ ಅಬ್ಬರಿಸಿದ. “ನಮ್ಮನೇಲೂ ಒಲೆ ಐತೆ ಬುದ್ಧೀ” ಎಂದು ಒಬ್ಬ ಆಳು ಗುದ್ದಲಿ ಕೆಳಗಿಟ್ಟು ಕುಳಿತೇಬಿಟ್ಟ. ಗಡಿಗೆಯನ್ನು ಒದೆಯಲು ತಿಮ್ಮಣ್ಣಯ್ಯನೇ ಕಾಲೆತ್ತಿದ. ಸುತ್ತಲಿದ್ದವರೆಲ್ಲ ಮುಖ ತಿರುಗಿಸಿಕೊಂಡದ್ದನ್ನು ಕಂಡು, ಎತ್ತಿದ ಕಾಲನ್ನು ಹಾಗೆಯೇ ಇಳಿಸಿದ.

ಒಲೆಯನ್ನು ಹೊರಗೆ ಬಿಟ್ಟು ಹಗ್ಗವನ್ನು ಇನ್ನಷ್ಟು ಒಳಕ್ಕೆ ಸರಿಸುವುದೊಂದೇ ಅವನಿಗೆ ಹೊಳೆದ ದಾರಿ. ಸರಿಸಿದ. ಬೆಳಗಾಗುವಷ್ಟರಲ್ಲಿ ಹೊಸ ಜಾಡಿನ ಮೇಲೆ ಬೊಮ್ಮಕ್ಕನ ನಾದಿನಿಯ ಗಡಿಗೆ ಕುದಿಯುತ್ತಿತ್ತು. ಮತ್ತೆ ಸರಿಸಿದ, ಮತ್ತೊಂದು ಒಲೆ ಎದ್ದಿತು. ಹಗ್ಗ ಹಿಂದಕ್ಕೆ ಹೋದಂತೆಲ್ಲ ಕೇರಿಯ ಹೆಂಗಸರು ಅದರ ಬೆನ್ನು ಬಿಡಲಿಲ್ಲ. ಗೂಡಿಗೆಂದು ಒಟ್ಟಿದ್ದ ಸೌದೆಯೆಲ್ಲ ಒಲೆಗಳಿಗೆ ಹೋಯಿತು, ಗೂಡುಗಳು ತಣ್ಣಗಾದವು, ಗಾರೆಯ ಕೆಲಸ ಊರೆಲ್ಲ ನಿಂತಿತು. ಬೊಮ್ಮಕ್ಕ ಏನೂ ಗಟ್ಟಿಗುಂಡಿಗೆಯವಳಾಗಿರಲಿಲ್ಲ. ಕುದುರೆಯ ಗೊರಸು ಕೇಳಿದಾಗಲೆಲ್ಲ ಎದ್ದು ಓಡಲು ನೋಡುವಳು. ಗಂಡ ಬಾಗಿಲು ಬಡಿದದ್ದನ್ನು ನೆನೆದುಕೊಳ್ಳುವಳು, ಇನ್ನೊಂದು ಕೊಳ್ಳಿಯನ್ನು ಒಲೆಗೆ ನೂಕುವಳು. ಹೀಗೆ ಒಲೆಗಳು ಒಂದರ ಹಿಂದೊಂದು ಸಾಗಿ ಅರಮನೆಯ ಕುದುರೆಲಾಯದ ತನಕ ಬಂದಾಗ ಪಾಲನಾಯಕನೇ ಹೊರಗೆ ಬಂದ. ಕೊನೆಯ ಒಲೆಯ ಮುಂದೆ ಬೊಮ್ಮಕ್ಕ ಕುಳಿತಿದ್ದಳು.

“ಏನವ್ವಾ, ಇನ್ನೊಂದು ಒಲೆ ಹೂಡಿದರೆ ನನ್ನ ಅರಮನೆಯೇ ಕೋಟೆಯ ಹೊರಗಾಗ್ತೈತಲ್ಲ!”

“ಆಗ್ಲಿ ದೊರೆ. ಹೊರಗಿರೋದು ಹೆಂಗಿರ್ತೈತೆ ಅಂತ ತಮಗೂ ತಿಳೀಲಿ.”

ನಾಯಕ ಗಡಿಗೆಯೊಳಗೆ ಇಣುಕಿ, ಬರೀ ನೀರು ಕುದಿಯುವುದನ್ನು ಕಂಡು, ಹಿಟ್ಟು ಯಾವಾಗ ಹಾಕುತ್ತೀ ಎಂದು ಕೇಳಿದ.

“ನಮ್ಮ ಕೇರಿ ಒಳಗೆ ಅಂದ್ರೆ ಈಗ್ಲೇ ಹಾಕ್ತೀನಿ” ಎಂದಳು ಬೊಮ್ಮಕ್ಕ. “ಹೊರಗೆ ಅಂದ್ರೆ ಈ ಎಸರು ನನ್ನ ಮೊಮ್ಮಕ್ಕಳ ಕಾಲಕ್ಕೂ ಕುದೀತಾನೇ ಇರ್ತೈತೆ.”

ಅವಳ ತಲೆ ತೆಗೆಸುವುದು ನಾಯಕನಿಗೆ ಕಷ್ಟವಿರಲಿಲ್ಲ. ಆದರೆ ತನ್ನ ವಂಶದ ಹಿರಿಯನೇ ವಿಧಿಸಿದ ಕಟ್ಟಳೆಯನ್ನು ತಾನೇ ಮುರಿದರೆ ನಾಳೆ ತನ್ನ ಮಾತನ್ನು ಯಾರು ನಡೆಸಿಯಾರು? ಅವನು ತಿಮ್ಮಣ್ಣಯ್ಯನ ಕೈಯಿಂದ ಹಗ್ಗ ಕಿತ್ತುಕೊಂಡು, ಆರಿದ ಗೂಡುಗಳನ್ನೂ ಕೇರಿಯ ಕೊನೆಯ ಗುಡಿಸಲನ್ನೂ ದಾಟಿ, ಕೊರಕಲಿನ ತುದಿಗೆ ಹೋಗಿ ಗೂಟಕ್ಕೆ ಬಿಗಿದ. ಗಂಟು ಬಿಗಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಬೊಮ್ಮಕ್ಕ ಹಿಟ್ಟು ಸುರಿದಳು. ಸುರಿಯುವಾಗ ಅವಳು ಬಿಕ್ಕಿಬಿಕ್ಕಿ ಅತ್ತಳು ಎನ್ನುತ್ತಾರೆ. ದೊರೆ ಅಲ್ಲೇ ಕುಳಿತು ಮುದ್ದೆ ಉಂಡ ಎಂದೂ ಸೇರಿಸುತ್ತಾರೆ. ಅದು ಕೇರಿಯವರ ಉತ್ಸಾಹದ ಮಾತಿದ್ದರೂ ಇರಬಹುದು. ಮುಂದೆ ದಂಡು ಬಂದಾಗ ಮಾತ್ರ, ಸುಣ್ಣಕಲ್ಲಿಗೆಂದು ಹಳ್ಳಕ್ಕೆ ಇಳಿದಿದ್ದ ಕೇರಿಯವರಲ್ಲಿ ಕೊನೆಯ ಮುದುಕ ಒಳಗೆ ಬರುವವರೆಗೆ ಬೊಮ್ಮಕ್ಕ ಕೋಟೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಮುಚ್ಚುವ ಧೈರ್ಯ ಯಾವ ಕಾವಲಿನವನಿಗೂ ಬರಲಿಲ್ಲ.

ಇಂದಿಗೂ ಕೋಟೆ ನೋಡಲು ಹೋದವರಿಗೆ ಇದು ಕಾಣುತ್ತದೆ. ಬೆಟ್ಟದ ಏಣಿನ ಮೇಲೆ ನೆಟ್ಟಗೆ ಬಂದ ಗೋಡೆ ಬಡಗಣಕ್ಕೆ ಬರುತ್ತಲೇ ಬಸುರಿಯ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿ, ಕೊರಕಲಿನ ಅಂಚಿನವರೆಗೂ ಹೋಗಿ, ಕೇರಿಯನ್ನೆಲ್ಲ ಒಳಗೆ ಹಾಕಿಕೊಂಡು ಹಿಂದಿರುಗುತ್ತದೆ. ಕಟ್ಟಿದವರ ಅಳತೆ ತಪ್ಪಿದೆ ಎಂದು ತಿಳಿದವರು ಹೇಳುತ್ತಾರೆ, ಕೇರಿಯವರು ಕೇಳಿ ನಗುತ್ತಾರೆ. ಬೇಲಿ ಹಾಕಲೆಂದೋ ರಸ್ತೆ ಮಾಡಲೆಂದೋ ಆಗಾಗ ಯಾವುದಾದರೂ ಕಚೇರಿಯವರು ಟೇಪು ಹಿಡಿದು ಅಲ್ಲಿಗೆ ಬರುವುದುಂಟು. ಜಗುಲಿಯ ಮೇಲೆ ಕುಳಿತ ಮುದುಕಿ ಅವರ ಕೈಯಲ್ಲಿರುವುದನ್ನು ಒಮ್ಮೆ ನೋಡಿ, ಬಂದ ಕೆಲಸವೇನೆಂದೂ ಕೇಳದೆ, ಒಳಕ್ಕೆ ಮುಖ ಮಾಡಿ ಕೂಗುತ್ತಾಳೆ: “ಎಸರಿಡ್ರೇ!”