ಕನ್ನಡಿಯ ಮುಂದಿನ ಕುರ್ಚಿ

"ಗುರುಗಳೇ, ಮಾನ ನೋಡಿಕೊಂಡರೆ ಗಿರಾಕಿ ಹೋಗುತ್ತದೆ, ಗಿರಾಕಿ ನೋಡಿಕೊಂಡರೆ ಮಾನ ಹೋಗುತ್ತದೆ. ಎರಡನ್ನೂ ಉಳಿಸಿಕೊಂಡವರು ಯಾರಾದರೂ ಇದ್ದಾರೆಯೇ?" ಎಂದು ಬಳೆಗಾರ ಚೆನ್ನವೀರ ಕೇಳಿದ. ಅಂದು ಬೆಳಿಗ್ಗೆ ಒಂದು ದೊಡ್ಡ ಮನೆಯವರು ಅವನನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ ಬಳೆ ತೊಡಿಸಿಕೊಂಡಿದ್ದರು. ಆ ಸಂಕಟ ಅವನಿಗೆ ಇನ್ನೂ ಆರಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಕಡಲಾಚೆಯ ಒಂದು ಪಟ್ಟಣದಲ್ಲಿ ಕಪ್ಪು ಜನಾಂಗದ ಒಬ್ಬ ಹೆಂಗಸಿದ್ದಳು. ಟೋಪಿ ಮಾಡುವುದು ಅವಳ ಕಸುಬು. ನಮ್ಮಲ್ಲಿ ಟೋಪಿ ಹಾಕಿದರು ಎಂದರೆ ಮೋಸ ಮಾಡಿದರು ಎಂದರ್ಥ. ಆ ಪಟ್ಟಣದಲ್ಲಿ ಹೆಂಗಸಿಗೆ ಟೋಪಿಯೇ ಮರ್ಯಾದೆ. ಅದಿಲ್ಲದೆ ಯಾವಳೂ ಭಾನುವಾರದ ಪ್ರಾರ್ಥನೆಗೆ ಹೋಗುತ್ತಿರಲಿಲ್ಲ.

ಅವಳು ಹದಿನೆಂಟು ವರ್ಷ ಒಬ್ಬ ಬಿಳಿಯ ವ್ಯಾಪಾರಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ದುಡಿದಳು. ಉಣ್ಣೆಬಟ್ಟೆಗೆ ಹಬೆ ಕೊಟ್ಟು, ಅಚ್ಚಿಗೆಂದು ಇಟ್ಟ ಮರದ ತಲೆಯ ಮೇಲೆ ಎಳೆದು, ಅಂಚು ತಿರುಗಿಸಿ ರಿಬ್ಬನ್ ಹೊಲಿಯುತ್ತಿದ್ದಳು. ಆ ಕೈಗೆ ಸಾಟಿಯಿರಲಿಲ್ಲ. ಆದರೆ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಬಿಳಿಯ ಹೆಂಗಸರು ಟೋಪಿಯನ್ನು ತಲೆಗೆ ಇಟ್ಟು ನೋಡಿ ಕೊಂಡುಕೊಳ್ಳಬಹುದು. ಕಪ್ಪು ಹೆಂಗಸರು ಕಣ್ಣಳತೆಯಲ್ಲೇ ಕೊಳ್ಳಬೇಕು. ಕೊಂಡ ಮೇಲೆ ಹಿಂದಿರುಗಿಸುವಂತಿಲ್ಲ.

ಒಂದು ಭಾನುವಾರ ಪ್ರಾರ್ಥನೆಯಲ್ಲಿ ಅವಳ ಮುಂದೆ ಅವಳದೇ ಜನದ, ಬಟ್ಟೆ ಒಗೆಯುವ ಮುದುಕಿಯೊಬ್ಬಳು ಕೂತಿದ್ದಳು. ಹೊಸ ಟೋಪಿ ಮುದುಕಿಯ ಹುಬ್ಬಿನವರೆಗೆ ಜಾರಿತ್ತು. ಮಕ್ಕಳು ನಗುತ್ತಿದ್ದರು. ಮುದುಕಿ ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡೇ ಪ್ರಾರ್ಥನೆ ಮುಗಿಸಿದಳು. ಅದು ತಾನೇ ಮಾಡಿದ ಟೋಪಿ ಎಂದು ಇವಳಿಗೆ ಗುರುತು ಸಿಕ್ಕಿತು. ತನ್ನ ಕೈಕೆಲಸವೇ ತನ್ನವರನ್ನು ನಗೆಗೀಡು ಮಾಡಿತಲ್ಲ ಎಂದುಕೊಂಡಳು.

ಮರುವಾರವೇ ಕೆಲಸ ಬಿಟ್ಟಳು. ಎರಡು ಬೀದಿಯಾಚೆ ಸ್ವಂತ ಅಂಗಡಿ ತೆರೆದಳು. ಆ ಪಟ್ಟಣದಲ್ಲಿ ಅವಳಂಥ ಹೆಂಗಸೊಬ್ಬಳು ಅಂಗಡಿ ತೆರೆದದ್ದು ಅದೇ ಮೊದಲು. ಒಳಗೆ ಒಂದು ಕನ್ನಡಿ, ಅದರ ಮುಂದೆ ಒಂದೇ ಕುರ್ಚಿ. ಮೊದಲು ಬಂದವರು ಮೊದಲು ಕೂರಬೇಕು; ಎಷ್ಟು ಟೋಪಿಯನ್ನಾದರೂ ಇಟ್ಟು ನೋಡಬಹುದು. ಇದು ಅವಳ ಕಟ್ಟಳೆ.

ಕಟ್ಟಳೆಯೇನೋ ಚೆನ್ನಾಗಿತ್ತು, ಹೊಟ್ಟೆ ಕೇಳಬೇಕಲ್ಲ. ಅವಳ ಜನ ಬಡವರು. ಒಂದು ಟೋಪಿಯಲ್ಲಿ ಹತ್ತು ವರ್ಷ ಕಳೆಯುವವರು. ಚಳಿಗಾಲ ಬರುವಷ್ಟರಲ್ಲಿ ಅಂಗಡಿ ಇಂದು ಮುಚ್ಚಲೋ ನಾಳೆ ಮುಚ್ಚಲೋ ಎನ್ನುವಂತಾಯಿತು.

ಆಗ ಪಟ್ಟಣದ ದೊಡ್ಡ ಶ್ರೀಮಂತೆ ಬಂದಳು. ಹಳೆಯ ಅಂಗಡಿಯಲ್ಲಿ ಈಗ ಮೊದಲಿನಂಥ ಕೈಕೆಲಸ ಸಿಗುತ್ತಿರಲಿಲ್ಲ. ಮಗಳ ಮದುವೆ ಹತ್ತಿರವಿತ್ತು. ದಿಬ್ಬಣದ ಹೆಂಗಸರಿಗೆಲ್ಲ ಟೋಪಿ ಬೇಕಿತ್ತು. ಈ ಶ್ರೀಮಂತೆ ಒಪ್ಪಿದರೆ ಅಂಗಡಿ ಉಳಿಯುತ್ತದೆ, ಮುನಿದರೆ ಬೀಗ ಬೀಳುತ್ತದೆ ಎಂದು ಟೋಪಿಯವಳಿಗೆ ಚೆನ್ನಾಗಿ ಗೊತ್ತಿತ್ತು. ಕುರ್ಚಿಯಲ್ಲಿ ಆಗ ಬಟ್ಟೆ ಒಗೆಯುವ ಆ ಮುದುಕಿ ಕೂತಿದ್ದಳು.

"ಅವಳನ್ನು ಎಬ್ಬಿಸು," ಎಂದಳು ಶ್ರೀಮಂತೆ. "ಇಂಥವರ ತಲೆ ಸೋಕಿದ ಟೋಪಿಯನ್ನು ನಾನು ಮುಟ್ಟುವವಳಲ್ಲ. ನನಗೆ ಬೇರೆ ತೆಗೆ."

ಮುದುಕಿ ಏಳಹೊರಟಳು. ಟೋಪಿಯವಳು ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ಆಮೇಲೆ ಶ್ರೀಮಂತೆಯ ಕಡೆ ತಿರುಗಿದಳು.

"ಅಮ್ಮಾವ್ರೇ, ಮರದ ತಲೆಯ ಮೇಲೆ ಚೆಂದ ಕಂಡಿತೆಂದು ಟೋಪಿಯನ್ನು ನಂಬುವ ಹಾಗಿಲ್ಲ. ಆ ಹಳೆಯ ಅಂಗಡಿಯಲ್ಲಿ ಪ್ರತಿಯೊಂದನ್ನೂ ನನ್ನ ತಲೆಯ ಮೇಲೆ ಇಟ್ಟು ನೋಡಿಯೇ ನಾನು ಹೊರಗೆ ಕಳಿಸುತ್ತಿದ್ದೆ. ಹದಿನೆಂಟು ವರ್ಷ ನೀವು ಇಟ್ಟುಕೊಂಡದ್ದೆಲ್ಲ ಅಂಥವೇ. ಈಗ ನಿಮ್ಮ ತಲೆಯ ಮೇಲಿರುವುದೂ ಅಂಥದೇ. ಇವರದು ಮುಗಿಯುವವರೆಗೆ ಆ ಬೆಂಚಿನ ಮೇಲೆ ಕೂತಿರಿ."

ಆ ಅಂಗಡಿ ಮುಂದೆ ನಲವತ್ತು ವರ್ಷ ನಡೆಯಿತು.

ಇಷ್ಟು ಹೇಳಿ ಗುರುಗಳು, ಆ ತಾಯಿಯ ಎದೆಗಾರಿಕೆ ದೊಡ್ಡದು ಎಂದು ಕೈ ಮುಗಿದರು. ಚೆನ್ನವೀರನ ಮುಖ ಅರಳಿತು.

"ಹಾಗಾದರೆ ಆ ಶ್ರೀಮಂತೆ ಕಾದು ಕೂತು ಟೋಪಿ ಕೊಂಡಿರಬೇಕು, ಅಲ್ಲವೇ ಗುರುಗಳೇ?"

"ಕುರ್ಚಿಯಲ್ಲಿದ್ದ ಗಿರಾಕಿ ಆ ಮುದುಕಿ. ಅವಳು ಕೊಂಡಳೇ ಎಂದು ನೀನು ಕೇಳಲೇ ಇಲ್ಲವಲ್ಲ, ಚೆನ್ನವೀರ," ಎಂದರು ಗುರುಗಳು.