ಹಳೇ ಹೆಸರಿಗೆ ಬಂದ ಕಾಗದ

"ಮೇಷ್ಟ್ರೇ, ಈಗಷ್ಟೇ ಆಗಿದ್ದು, ಹೇಳಿದ್ರೆ ನಂಬಲ್ಲ ನೀವು!" ಅಂತ ತಿಪ್ಪೇಶ ತೆರೆದ ಲ್ಯಾಪ್‌ಟಾಪ್ ಹಿಡ್ಕೊಂಡೇ ಒಳಗೆ ನುಗ್ಗಿದ. ಡೇರಿಗಳ ಹಾಲಿನ ಕೂಲರ್ ನಡೆಸೋ ಕರ್ನೆಲ್ ಮಾಡ್ಯೂಲ್, ಅಂದ್ರೆ ಯಂತ್ರದ ಒಳಗೇ ಕೂತು ಕೆಲಸ ಮಾಡೋ ಪ್ರೋಗ್ರಾಮ್, ಅವನ ಕೈಕೆಲಸ. ಆ ವಿದ್ಯೆ ಕಲಿಸಿದ್ದು ಕೊಟ್ರಯ್ಯ ಮೇಷ್ಟ್ರು.

"ಹಾಲು ಎಷ್ಟು ಡಿಗ್ರೀಲಿ ಇರಬೇಕು ಅನ್ನೋ ಪ್ಯಾರಾಮೀಟರ್‌ಗೆ ಹಳಬರು ಬರೀ ‘ಟಿ’ ಅಂತ ಹೆಸರಿಟ್ಟಿದ್ರು. ಟೈಮಾ, ಟೆಂಪರೇಚರಾ, ಕುಡಿಯೋ ಟೀನಾ? ನಾನು ‘ಟೆಂಪ್ ಸೆಲ್ಸಿಯಸ್’ ಅಂತ ಮಾಡ್ದೆ. ಎಷ್ಟು ಚೆಂದ, ಅಲ್ವಾ? ಆದ್ರೆ ಡೇರಿಯೋರ ಸೆಟ್ಟಿಂಗ್ ಫೈಲಲ್ಲಿ ಇನ್ನೂ ‘ಟಿ ನಾಲ್ಕು’ ಅಂತಾನೇ ಇದೆ! ಮಾಡ್ಯೂಲ್ ನಿಲ್ಲಲೂ ಇಲ್ಲ, ಕಿರುಚಲೂ ಇಲ್ಲ. ‘ಈ ಹೆಸರು ಗೊತ್ತಿಲ್ಲ, ಬಿಟ್ಟಿದ್ದೀನಿ’ ಅಂತ ಲಾಗಲ್ಲಿ ಒಂದು ಸಾಲು ಬರೆದು, ಯಾರೂ ಏನೂ ಹೇಳದಿದ್ರೆ ಹಿಡಿಯೋ ಡೀಫಾಲ್ಟ್ ಹನ್ನೆರಡು ಡಿಗ್ರಿ ಹಿಡ್ಕೊಂಡು ಕೂತುಬಿಟ್ಟಿದೆ. ಒಂದು ಡೇರಿಯ ಹಾಲೆಲ್ಲ ಒಡೆದುಹೋಯ್ತು! ಮಿಕ್ಕ ಊರುಗಳಿಗೂ ಸಂಜೆ ಇದೇ ಮಾಡ್ಯೂಲ್ ಹೋಗುತ್ತೆ. ಅವರವರ ಫೈಲ್ ಅವರು ತಿದ್ದಿಕೊಳ್ಳಲಿ ಬಿಡಿ. ಒಳ್ಳೇ ಹೆಸರಿಟ್ಟಿದ್ದೂ ತಪ್ಪಾ ಮೇಷ್ಟ್ರೇ?"

"ಉಸಿರು ತಗೋ ಮಾರಾಯ," ಅಂದ್ರು ಮೇಷ್ಟ್ರು. ಆಮೇಲೆ ಒಂದು ಕತೆ ಹೇಳಿದ್ರು.

ಒಬ್ಬ ಯಜಮಾನ ಇದ್ದ. ಮದುವೆ ದಿನ ತಟ್ಟೆಯ ಅಕ್ಕಿ ಮೇಲೆ ಬರೆಸಿ, ಸೊಸೆಗೆ ಹೊಸ ಹೆಸರಿಟ್ಟ. ಹೆಸರು ಚೆನ್ನಾಗೇ ಇತ್ತು. ಅದರ ಮೇಲೆ ಅವನಿಗೆ ಬಲು ಹೆಮ್ಮೆ.

ಒಂದು ದಿನ ಅಂಚೆಯವನು ಬಂದು, ಸೊಸೆಯ ಹಳೇ ಹೆಸರು ಕೂಗಿದ. ತವರಿಂದ ಬಂದ ಕಾಗದ.

"ಆ ಹೆಸರಿನೋರು ಈ ಮನೇಲಿ ಈಗ ಯಾರೂ ಇಲ್ಲ. ಬೇಕಾದ್ರೆ ಹೊಸ ಹೆಸರಲ್ಲಿ ಬರೀಲಿ," ಅಂದ ಯಜಮಾನ.

ಅಂಚೆಯವನು ವಾದ ಮಾಡಲಿಲ್ಲ. ಕಾಗದದ ಮೇಲೆ ಒಂದು ಸಾಲು ಗೀಚಿ ವಾಪಸ್ ಕಳಿಸಿದ. ಸೊಸೆ ಒಳಗೇ ಇದ್ದಳು, ಅಕ್ಕಿ ತೊಳೀತಾ. ಕಾಗದದಲ್ಲಿ ಇದ್ದಿದ್ದು ಇಷ್ಟೇ: ‘ಅಮ್ಮ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳ್ತಿದ್ದಾಳೆ, ಬೇಗ ಬಾ.’ ಅದು ತಿರುಗಿ ತವರು ಮುಟ್ಟೋ ಹೊತ್ತಿಗೆ, ಬಾ ಅಂತ ಕರೆಯೋಕೆ ಅಮ್ಮ ಇರಲಿಲ್ಲ.

ತಿಪ್ಪೇಶ ಕೂತಲ್ಲಿಂದ ಎದ್ದೇಬಿಟ್ಟ. "ಎಂಥಾ ಮನುಷ್ಯ ಮೇಷ್ಟ್ರೇ ಅವನು! ‘ಹೌದಪ್ಪ, ಅವಳೇ ಇವಳು’ ಅಂತ ಕಾಗದ ಇಸ್ಕೊಂಡಿದ್ರೆ ಮುಗೀತಿತ್ತು! ಹೊಸ ಹೆಸರು ಎಲ್ಲಿಗೆ ಓಡಿಹೋಗ್ತಿತ್ತು? ಹಳೇ ಹೆಸರಲ್ಲಿ ಕೂಗಿದ್ರೂ ಓಗೊಡೋಕೆ ಏನು ರೋಗ ಅವನಿಗೆ?"

ಮೇಷ್ಟ್ರು ಲ್ಯಾಪ್‌ಟಾಪನ್ನ ಮೆಲ್ಲಗೆ ಅವನ ಕಡೆ ತಿರುಗಿಸಿದ್ರು.

"ಸಂಜೆ ಅಷ್ಟೂ ಡೇರಿಯೋರು ‘ಟಿ ನಾಲ್ಕು’ ಅಂತ ಬಾಗಿಲು ತಟ್ಟಿದಾಗ, ಆ ಯಜಮಾನನ ಜಾಗದಲ್ಲಿ ನೀನೇ ಇರ್ತೀಯಲ್ಲ, ಏನು ಮಾಡ್ತೀಯ?"