ಗವಿಸಿದ್ದನ ಅರವತ್ತು ಪರ್ಸೆಂಟು

ನದಿಯ ಎಡದಂಡೆಯ ಮೇಲೊಂದು ಆಶ್ರಮ. ಅಲ್ಲಿ ಗುರು ಒಬ್ಬರು, ಶಿಷ್ಯರು ನಾಲ್ವರು, ಫೋನು ಒಂದು.

ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಫೋನು ನೋಡಿಕೊಳ್ಳುವ ಕೆಲಸ ಗವಿಸಿದ್ದನದು. ಆಶ್ರಮ ಸೇರುವಾಗ ಅವನು ಮನೆ, ಹೊಲ, ತನ್ನ ಪಾಲಿಗೆ ಬರಬೇಕಿದ್ದ ಎಮ್ಮೆ, ಎಲ್ಲವನ್ನೂ ಬಿಟ್ಟು ಬಂದಿದ್ದ. ಚಾರ್ಜರ್ ಒಂದನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡಿದ್ದ. ಹಾಗಾಗಿ ಆ ಕೆಲಸ ಅವನಿಗೇ ಬಿತ್ತು.

ಫೋನು ಶೋಕಿಗೆ ಇಟ್ಟದ್ದಲ್ಲ. ಮೇಲಿನ ಅಣೆಕಟ್ಟಿನಲ್ಲಿ ಗೇಟು ಎತ್ತುವ ಮೊದಲು ಅಲ್ಲಿಯ ಕಾವಲುಗಾರ ಯಮನೂರಪ್ಪ ಆ ನಂಬರಿಗೆ ಕರೆ ಮಾಡುತ್ತಿದ್ದ. ಬಿಟ್ಟ ನೀರು ಆಶ್ರಮದ ಹತ್ತಿರ ಬರಲು ಒಂದು ತಾಸು. ಅಷ್ಟರೊಳಗೆ ಗವಿಸಿದ್ದ ಬಂಡೆಯ ಮೇಲಿನ ಗಂಟೆ ಬಾರಿಸಬೇಕು. ನದಿಯ ನಡುವಿನ ಮರಳುದಿಬ್ಬದಲ್ಲಿ ಇದ್ದವರು ಅದನ್ನು ಕೇಳಿ ದಡ ಹತ್ತಬೇಕು. ದಿಬ್ಬದಲ್ಲಿ ಸಿಗ್ನಲ್ ಇಲ್ಲ. ಅಲ್ಲಿಗೆ ಮುಟ್ಟುವುದು ಗಂಟೆಯ ದನಿ ಒಂದೇ.

ಆ ದಿನಗಳಲ್ಲಿ ದಿಬ್ಬದ ಮೇಲೆ ಮಾಳವ್ವ ಇದ್ದಳು, ಇನ್ನೂರು ಕುರಿಗಳ ಜೊತೆ. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು. ಒಂದೊಂದನ್ನೇ ಕುತ್ತಿಗೆ ಹಿಡಿದು ನೀರಿಗೆ ಎಳೆಯಬೇಕು. ತಾನಾಗಿ ಸ್ನಾನಕ್ಕೆ ಬರುವ ಕುರಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಅದು ಒಂದೆರಡು ದಿನದಲ್ಲಿ ಮುಗಿಯುವ ಕೆಲಸವಲ್ಲ.

ಬಿರುಗಾಳಿಗೆ ಕರೆಂಟಿನ ಕಂಬಗಳು ಉರುಳಿದ್ದವು. ಬೆಳಿಗ್ಗೆ ಒಂದು ತಾಸು ಮಾತ್ರ ಕರೆಂಟು ಬಂದು ಹೋಗುತ್ತಿತ್ತು. ಆ ತಾಸಿನಲ್ಲಿ ಫೋನು ಅರವತ್ತು ಪರ್ಸೆಂಟಿನವರೆಗೆ ತುಂಬಿಕೊಳ್ಳುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲೇ ಖಾಲಿ.

ಗವಿಸಿದ್ದ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದ. ಪರದೆಯ ಬೆಳಕು ಇಳಿಸಿದ. ಲೊಕೇಶನ್ ಆರಿಸಿದ, ಎಲ್ಲಿಗೂ ಹೋಗದವನಿಗೆ ದಾರಿ ಯಾತಕ್ಕೆ. ಆ್ಯಪುಗಳನ್ನು ಒಂದೊಂದಾಗಿ ಮುಚ್ಚಿದ. ಮುಚ್ಚಿದವು ಮುಚ್ಚಿಕೊಂಡೇ ಇವೆಯೋ ಇಲ್ಲವೋ ಎಂದು ನೋಡಲು ಮತ್ತೆ ತೆರೆದ. ಹತ್ತು ನಿಮಿಷಕ್ಕೊಮ್ಮೆ ಪರದೆ ಬೆಳಗಿಸಿ, ಎಷ್ಟು ಉಳಿದಿದೆ ಎಂದು ಓದಿಕೊಂಡ.

ಮೂರನೆಯ ದಿನವೂ ಊಟಕ್ಕೆ ಮೊದಲೇ ಫೋನು ಕಣ್ಣು ಮುಚ್ಚಿತು. ಮಾಳವ್ವ ಇನ್ನೂ ದಿಬ್ಬದ ಮೇಲಿದ್ದಳು. ಗವಿಸಿದ್ದ ಸಂಜೆಯವರೆಗೆ ನೀರನ್ನೇ ನೋಡುತ್ತ ಕುಳಿತ. ಗಂಟೆ ಬಾರಿಸಿ ಅವಳನ್ನು ಮೇಲಕ್ಕೆ ಕರೆಯಬಹುದಿತ್ತು. ಆದರೆ ನೀರು ಬಾರದೆ ಗಂಟೆ ಬಾರಿಸಿದರೆ, ಫೋನು ಸತ್ತ ಸಂಗತಿ ಎರಡೂ ದಡಕ್ಕೆ ತಿಳಿಯುತ್ತಿತ್ತು. ಅದು ಅವನಿಗೆ ಬೇಡವಾಗಿತ್ತು. ಅಂದು ನೀರು ಬರಲಿಲ್ಲ. ಅದು ಅವನ ಪುಣ್ಯ, ಅಥವಾ ಕುರಿಗಳದು.

ಮರುದಿನ ಬೆಳಿಗ್ಗೆ ಅವನು ಅಜ್ಜಾರ ಬಳಿ ಹೋದ. ಅಜ್ಜಾರು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದರು.

“ಅಜ್ಜಾರ, ಇದರ ಚಾರ್ಜ್ ಬಾಳಿಕಿ ಬರವಲ್ದ್ರಿ.”

“ಎಲ್ಲಿ ಇಡ್ತೀ ಅದನ್ನ?”

“ನನ್ನ ಖೋಲಿಯೊಳಗ್ರೀ. ತಂಪು ಇರತೈತಿ ಅಂತ.”

ಅವನ ಖೋಲಿ ದಂಡೆಯ ತಗ್ಗಿನಲ್ಲಿತ್ತು. ಕಲ್ಲಿನ ಗೋಡೆ, ಒಂದು ಮೊಳ ದಪ್ಪ. ಒಳಗೆ ಫೋನಿನ ಸಿಗ್ನಲ್ಲು ಒಂದು ಗೆರೆ ತೋರಿಸುತ್ತಿತ್ತು. ಗಾಳಿ ಬೀಸಿದರೆ ಅದೂ ಇಲ್ಲ.

ಅಜ್ಜಾರು ಫೋನಿನ ಕಡೆ ನೋಡಲಿಲ್ಲ. ಆಚೆ ದಡದಲ್ಲಿರುವ ಅಂಬಿಗರ ದುರುಗಪ್ಪನನ್ನು ಕರೆ ಎಂದರು. ನದಿಗೆ ಇಳಿಯುವ ಘಾಟಿನ ಕೊನೆಯ ಮೆಟ್ಟಿಲ ಮೇಲೆ ನಿಂತು ಕರೆಯಬೇಕು. ಅವನು ಓಗೊಡುವ ತನಕ ನಿಲ್ಲಿಸಬಾರದು.

ಗವಿಸಿದ್ದ ಕೆಳಗಿಳಿದು ಕೂಗಿದ. ದುರುಗಪ್ಪ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ತಲೆ ಎತ್ತಲಿಲ್ಲ. ಗವಿಸಿದ್ದ ಬಾಯಿಗೆ ಎರಡೂ ಕೈ ಹಚ್ಚಿ ಕೂಗಿದ. ನೀರಿನ ಸದ್ದು ಎಲ್ಲವನ್ನೂ ನುಂಗಿಕೊಂಡಿತು. ಕಡಲೆ ಹಸನಾಗುವ ಹೊತ್ತಿಗೆ ಅವನ ದನಿ ಬಿದ್ದುಹೋಗಿತ್ತು.

ಅಜ್ಜಾರು ಮೊರ ಕೆಳಗಿಟ್ಟು ಅವನನ್ನು ಬಂಡೆಯ ಮೇಲೆ ಕರೆದುಕೊಂಡು ಹೋದರು. ಅಲ್ಲಿಂದ ಒಂದು ಸಲ, ಹೆಚ್ಚು ಗಟ್ಟಿಯಾಗಿಯೂ ಅಲ್ಲ, ದುರುಗಪ್ಪನ ಹೆಸರು ಹಿಡಿದು ಕರೆದರು.

ದುರುಗಪ್ಪ ಕೈ ಎತ್ತಿದ. ಏನಾಗಬೇಕು ಎಂದು ಅಲ್ಲಿಂದಲೇ ಕೇಳಿದ. ಏನೂ ಇಲ್ಲ ಎಂದರು ಅಜ್ಜಾರು. ಅವನು ಮತ್ತೆ ಡಾಂಬರಿನ ಕಡೆ ತಿರುಗಿದ. ಆಶ್ರಮದವರ ವಿಷಯದಲ್ಲಿ ಅವನು ಆಶ್ಚರ್ಯಪಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು.

“ನಿನ್ನ ಫೋನೂ ಆ ಖೋಲಿಯೊಳಗ ಕುಂತು ಟವರಿನ್ನ ಕೂಗಾಕತ್ತೈತಿ, ತಮ್ಮಾ,” ಎಂದರು ಅಜ್ಜಾರು. “ಮಧ್ಯಾಹ್ನಕ್ಕ ದನಿ ಬೀಳಲಾರದ ಏನ್ ಮಾಡೀತು?”

ಬಂಡೆಯಿಂದ ಟವರು ಕಾಣುತ್ತಿತ್ತು. ಅಂದಿನಿಂದ ಫೋನು ಬಂಡೆಯ ಮೇಲಿನ ಬೇವಿನ ನೆರಳಿಗೆ ಬಂತು. ಅದರ ಹಿಂದೆ ಗವಿಸಿದ್ದನೂ ಬಂದ.

ಆ ಸಂಜೆ ಇಪ್ಪತ್ತು ಪರ್ಸೆಂಟು ಉಳಿದಿತ್ತು. ನಡುವೆ ಯಮನೂರಪ್ಪನ ಕರೆ ಬಂದಿತ್ತು, ಗಂಟೆ ಬಾರಿಸಿದ್ದಾಗಿತ್ತು, ಮಾಳವ್ವ ಕುರಿಗಳನ್ನು ಹೊಡೆದುಕೊಂಡು ಸುಮ್ಮನೆ ದಡ ಹತ್ತಿದ್ದಳು. ಹೋಗುವಾಗ ಬಂಡೆಯ ಕೆಳಗೆ ನಿಂತು ಅವನನ್ನು ನೋಡಿದಳು.

“ಏನಪಾ ಸನ್ಯಾಸಿ, ಹೊಸದಾಗಿ ಲಗ್ನ ಆದವರಂಗ ಅದರ ಮಗ್ಗಲಾ ಬಿಡವಲ್ಲಿ?”

ಅವಳ ಹತ್ತಿರವೂ ಒಂದು ಫೋನಿತ್ತು. ಗುಂಡಿ ಒತ್ತುವ ಹಳೆಯದು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡದ್ದು. ಸಂತೆಯ ದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಚಾರ್ಜಿಗೆ ಹಾಕಿದರೆ ಮುಂದಿನ ಸಂತೆಯ ತನಕ ಅದರ ಚಿಂತೆ ಇಲ್ಲ. ಗವಿಸಿದ್ದ ಅದನ್ನು ಕೇಳಿ ಮಾತು ಬದಲಿಸಿದ.

ಅಲ್ಲಿಗೆ ಸಾಕಾಗಿತ್ತು. ಆದರೆ ಅವನಿಗೆ ಉಳಿಸುವುದರ ರುಚಿ ಹತ್ತಿತು.

ಮರುದಿನ ಇಪ್ಪತ್ತೆಂಟು ಉಳಿಸಿದ. ಅದರ ಮರುದಿನ ಮೂವತ್ತೊಂದು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಉಳಿದವರಿಗೆ ಆ ಸಂಖ್ಯೆ ಹೇಳುತ್ತಿದ್ದ. ಅವರೂ ಮೊದಲೆರಡು ದಿನ ಕೇಳಿಸಿಕೊಂಡರು. ಅವನು ಕರೆ ಬಂದೀತೆಂದು ಕಾಯುತ್ತಿದ್ದವನು, ಈಗ ಸಂಜೆ ಆದೀತೆಂದು ಕಾಯತೊಡಗಿದ.

ಸೋಮವಾರ ಬಂತು. ಆಶ್ರಮದಲ್ಲಿ ಸೋಮವಾರ ಮಧ್ಯಾಹ್ನದವರೆಗೆ ಮೌನ. ಗುರುವಿಗೂ ಅದೇ ನೇಮ.

ಗವಿಸಿದ್ದ ಸೇರಿದ ಹೊಸದರಲ್ಲಿ, ಈ ಮೌನ ಯಾಕೆ ಎಂದು ಕೇಳಿದ್ದ. ಬಾಯಿ ಮುಚ್ಚಿದರೆ ಒಳಗಿನದು ಒಳಗೇ ಉಳಿಯುತ್ತದೆ ಎಂದು ಅಜ್ಜಾರು ಹೇಳಿದ್ದರು. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಿದ್ದ. ಆ ಬೆಳಿಗ್ಗೆ ಬೇವಿನ ಕೆಳಗೆ ಕುಳಿತಾಗ ಆ ಮಾತು ಅವನಿಗೆ ಬೇರೆ ರೀತಿಯಲ್ಲಿ ಹೊಳೆಯಿತು.

ಫೋನಿನಲ್ಲಿ ವಿಮಾನದ ಚಿತ್ರ ಒಂದಿತ್ತು. ವಿಮಾನ ಹತ್ತಿದವರು ಒತ್ತುವುದು. ಒತ್ತಿದರೆ ಫೋನು ಯಾವ ಟವರನ್ನೂ ಕೂಗುವುದಿಲ್ಲ. ಯಾರ ಕರೆಯೂ ಅದನ್ನು ಮುಟ್ಟುವುದಿಲ್ಲ. ತನಗೆ ಮೌನವಾದರೆ ಇದಕ್ಕೂ ಮೌನ ಎಂದುಕೊಂಡು ಗವಿಸಿದ್ದ ಒತ್ತಿದ.

ಅರ್ಧ ತಾಸಿಗೊಮ್ಮೆ ಮೌನ ಬಿಡಿಸಿ ನೋಡಬೇಕು ಎಂದೇ ಅಂದುಕೊಂಡಿದ್ದ. ಅರ್ಧ ತಾಸಾದ ಮೇಲೆ ಪರದೆ ಬೆಳಗಿಸಿದ. ಅರವತ್ತು ಇದ್ದದ್ದು ಅರವತ್ತೇ ಇತ್ತು. ಅಂಥ ಸಂಖ್ಯೆಯನ್ನು ಮುರಿಯಲು ಮನಸ್ಸು ಬರಲಿಲ್ಲ. ಇನ್ನರ್ಧ ತಾಸು ಇರಲಿ ಎಂದುಕೊಂಡ. ಆಮೇಲೂ ಹಾಗೆಯೇ ಅಂದುಕೊಂಡ.

ಬಿಸಿಲೇರಿದಾಗ ಅಜ್ಜಾರು ಘಾಟಿನ ಕೊನೆಯ ಮೆಟ್ಟಿಲಲ್ಲಿ ಧೋತರ ಒಗೆಯುತ್ತಿದ್ದರು. ಬಂಡೆಯ ಕಡೆ ನೋಡಿ, ಕೈಯನ್ನು ಕಿವಿಯ ಹತ್ತಿರ ಹಿಡಿದು, ಕರೆ ಬಂತೇ ಎಂದು ಸನ್ನೆಯಲ್ಲಿ ಕೇಳಿದರು.

ಗವಿಸಿದ್ದ ಇಳಿದು ಬಂದು ಪರದೆ ತೋರಿಸಿದ. ಐವತ್ತೊಂಬತ್ತು.

ಅಜ್ಜಾರ ಬೆರಳು ವಿಮಾನದ ಚಿತ್ರದ ಮೇಲೆ ನಿಂತಿತು. ಇದೇನು ಎಂದು ಹುಬ್ಬು ಎತ್ತಿದರು.

ಗವಿಸಿದ್ದ ಬೆರಳನ್ನು ತನ್ನ ತುಟಿಯ ಮೇಲಿಟ್ಟುಕೊಂಡ. ಆಮೇಲೆ ಅದೇ ಬೆರಳನ್ನು ಫೋನಿನ ಮೇಲಿಟ್ಟ. ಇನ್ನೂ ಸ್ಪಷ್ಟವಾಗಲೆಂದು ಎರಡೂ ಕಿವಿ ಮುಚ್ಚಿಕೊಂಡು ತೋರಿಸಿದ. ಅವನು ನಗುತ್ತಿದ್ದ.

ಅಜ್ಜಾರು ಕೆಳಗೆ ನೋಡಿದರು. ಒಗೆಯಲು ಕುಳಿತಾಗ ನೀರು ಅವರ ಹಿಮ್ಮಡಿ ಮುಟ್ಟುತ್ತಿತ್ತು. ಈಗ ಮೊಣಕಾಲಿನ ಹತ್ತಿರ ಬಂದಿತ್ತು. ಬಣ್ಣ ಕೆಂಪಾಗಿತ್ತು.

ಎಪ್ಪತ್ತು ದಾಟಿದವರು ಹಾಗೆ ಓಡುವುದನ್ನು ಗವಿಸಿದ್ದ ಕಂಡಿರಲಿಲ್ಲ. ಗಂಟೆ ಎಡೆಬಿಡದೆ ಬಡಿದುಕೊಂಡಿತು. ಅದರ ಸದ್ದಿನ ನಡುವೆ ಅಜ್ಜಾರು ಮೌನ ಮುರಿದು ಮಾಳವ್ವನ ಹೆಸರು ಕೂಗುತ್ತಿದ್ದರು. ಮೆಟ್ಟಿಲ ಮೇಲಿನ ಧೋತರ ತೇಲಿ ಹೋಯಿತು.

ಅರ್ಧ ಹಿಂಡು ಇನ್ನೂ ದಡದ ಮೇಲಿತ್ತು. ದಿಬ್ಬದಲ್ಲಿದ್ದ ನೂರು ಕುರಿಗಳಲ್ಲಿ ಟಗರು ಮೊದಲು ನೀರಿಗೆ ಬಿದ್ದು ದಡದ ಕಡೆ ಈಜಿತು, ಉಳಿದವು ಅದರ ಹಿಂದೆ ಬಿದ್ದವು. ಕಡೆಗೆ ಉಳಿದವಳು ಮಾಳವ್ವ. ಬಗಲಲ್ಲಿ ಒಂದು ಮರಿ, ಎದೆಯ ಮಟ್ಟ ನೀರು. ದುರುಗಪ್ಪ ಹರಿಗೋಲು ನೂಕಿಕೊಂಡು ಬಂದು ಅವಳ ಜಡೆ ಹಿಡಿದು ಒಳಗೆ ಎಳೆದುಕೊಂಡ.

ಒಂದು ಮುದಿ ಕುರಿ ಹೋಯಿತು.

ಗವಿಸಿದ್ದ ವಿಮಾನದ ಚಿತ್ರವನ್ನು ಮತ್ತೆ ಒತ್ತಿದ. ಫೋನು ಅವನ ಕೈಯಲ್ಲಿ ನಡುಗಿತು, ನಿಂತಿತು, ಮತ್ತೆ ನಡುಗಿತು. ಯಮನೂರಪ್ಪ ನಾಲ್ಕು ಸಲ ಕರೆದಿದ್ದ.

ಮಾಳವ್ವ ಒದ್ದೆ ಸೀರೆಯಲ್ಲೇ ಆಶ್ರಮಕ್ಕೆ ಬಂದಳು. ಮರಿ ಇನ್ನೂ ಬಗಲಲ್ಲೇ ಇತ್ತು. ಅವಳು ದನಿ ಏರಿಸಲಿಲ್ಲ.

“ಎಲ್ಲಿ ಹೋಗಿತ್ತಪಾ ನಿನ್ನ ಫೋನು?”

ಮಧ್ಯಾಹ್ನವಾಗಿತ್ತು, ಮೌನದ ಹೊತ್ತು ಮುಗಿದಿತ್ತು. ಗವಿಸಿದ್ದ ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡ.

“ಮೌನದಾಗ ಇತ್ತು, ತಂಗೆವ್ವಾ,” ಎಂದರು ಅಜ್ಜಾರು. “ಆ ಪಾಠ ನಾನ ಹೇಳಿದ್ದು.”

ಮಾಳವ್ವ ಇಬ್ಬರನ್ನೂ ನೋಡಿದಳು.

“ನಿಮಗ ಮೌನ ಚಂದ್ರೀ ಅಜ್ಜಾರ. ನನಗ ಕುರಿ ಅದಾವು.”

ಹೋಗುವ ಮೊದಲು ಅವಳು ಸೆರಗಿನ ಗಂಟು ಬಿಚ್ಚಿ ಫೋನು ತೆಗೆದಳು. ಒಳಗೆ ನೀರು ಹೋಗಿದ್ದರೂ ಅದು ಹೇಗೋ ಬದುಕಿತ್ತು. ಗವಿಸಿದ್ದನ ನಂಬರು ಕೇಳಿ ಪಡೆದಳು, ತನ್ನದನ್ನೂ ಅವನ ಫೋನಿಗೆ ಹಾಕಿಸಿದಳು. ಇನ್ನು ಮೇಲೆ ಕುರಿ ಇಳಿಸುವ ಮೊದಲು ತಾನೇ ದಡದ ಮೇಲಿನಿಂದ ಫೋನು ಮಾಡಿ ಕೇಳುವುದಾಗಿ ಹೇಳಿದಳು. ಗಂಟೆಯ ಮೇಲೆ ನಂಬಿಕೆ ಇದೆ, ಗಂಟೆ ಬಾರಿಸುವವರ ಮೇಲೆ ಇಲ್ಲ ಎಂದಳು.

ಅವಳು ಹೋದ ಮೇಲೆ ಗವಿಸಿದ್ದ ಫೋನನ್ನು ಅಜ್ಜಾರ ಪಾದದ ಬಳಿ ಇಟ್ಟ. ಈ ಕೆಲಸ ಬೇರೆಯವರಿಗೆ ಕೊಡಿ ಎಂದ. ತಾನು ಮೂರು ದಿನ ಉಪವಾಸ ಇರುತ್ತೇನೆ, ಒಂದು ತಿಂಗಳು ಯಾರ ಜೊತೆಗೂ ಮಾತಾಡುವುದಿಲ್ಲ ಎಂದ.

ಅಜ್ಜಾರು ಫೋನನ್ನು ಅವನ ಕಡೆಗೇ ಸರಿಸಿದರು. ಉಪವಾಸ ಬೇಡ, ಉಣ್ಣು ಎಂದರು. ಮೌನವಂತೂ ಬೇಡವೇ ಬೇಡ ಎಂದರು. ಚಾರ್ಜು ಮುಗಿಯುವ ಹಾಗಾದರೆ ಗಂಟೆ ಬಾರಿಸಿಬಿಡು, ಎಲ್ಲರೂ ದಡ ಹತ್ತಲಿ, ಮತ್ತೆ ತುಂಬಿದಾಗ ಇಳಿಯಲಿ ಎಂದರು.

ಫೋನು ಮುಗಿದುಹೋಗಬಹುದು, ಮುಗಿದರೂ ಪರವಾಗಿಲ್ಲ ಎಂಬುದು ಗವಿಸಿದ್ದನಿಗೆ ಹೊಸದಾಗಿತ್ತು. ಆ ದಿನ ಊಟ ಮಾಡುವಾಗ ಅವನು ಎರಡು ಸಲ ಎದ್ದು ಹೋಗಿ ಫೋನಿಗೆ ಸಿಗ್ನಲ್ ಇದೆಯೇ ಎಂದು ನೋಡಿ ಬಂದ. ಚಾರ್ಜು ಎಷ್ಟಿದೆ ಎಂದು ನೋಡಲು ಮರೆತ.

ನೀರು ಇಳಿಯಲು ಎರಡು ದಿನ ಬೇಕಾಯಿತು. ಆ ಎರಡೂ ದಿನ ಕರೆಂಟು ಬರಲಿಲ್ಲ. ತಾತ್ಕಾಲಿಕವಾಗಿ ನಿಲ್ಲಿಸಿದ್ದ ಕಂಬ ಕೂಡ ಮಲಗಿತ್ತು.

ಮೂರನೆಯ ದಿನ ಬೆಳಿಗ್ಗೆ ಗವಿಸಿದ್ದ ಬಂಡೆಯ ಮೇಲಿದ್ದ. ಅಜ್ಜಾರೂ ಬಂದು ಗಂಟೆಯ ಕೆಳಗೆ ಕುಳಿತಿದ್ದರು. ನದಿ ಮತ್ತೆ ತೆಳ್ಳಗಾಗಿ ದಿಬ್ಬ ತೋರುತ್ತಿತ್ತು. ಇನ್ನೂ ಅರ್ಧ ಹಿಂಡು ತೊಳೆಯುವುದು ಬಾಕಿ. ಆಚೆ ಜಾಲಿಗಿಡಗಳ ಹಿಂದೆ ಕುರಿಗಳ ಧೂಳು ಏಳುತ್ತಿತ್ತು. ಫೋನಿನಲ್ಲಿ ಎಂಟು ಪರ್ಸೆಂಟು ಇತ್ತು. ಸ್ವಲ್ಪ ಹೊತ್ತಿಗೆ ಆರಾಯಿತು.

ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಮಾಳವ್ವನ ಹೆಸರು ಮೂಡಿತು.

ಗವಿಸಿದ್ದ ಕೈ ಚಾಚಿದ. ಅವನು ನೋಡುತ್ತಿದ್ದಂತೆ ಆರು ಹೋಗಿ ಐದಾಯಿತು. ಚಾಚಿದ ಕೈ ಅಲ್ಲೇ ನಿಂತಿತು.

“ಅಜ್ಜಾರ, ಇಕಿ ಜೊತಿ ಮಾತಾಡಿದ್ರ ಇದು ಮುಗದ ಹೋಗ್ತೈತ್ರಿ. ಆಮ್ಯಾಲ ಯಮನೂರಪ್ಪ ಕರೆದ್ರ?”

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅಜ್ಜಾರು ಎದ್ದು ಗಂಟೆಯ ಹಗ್ಗ ಕೈಗೆ ತೆಗೆದುಕೊಂಡರು.

“ಮುಗೀತೈತಿ, ತಮ್ಮಾ. ಎತ್ತು.”